ಮಾವನವರ ಮೂರು ಟ್ರಂಕು ಕಾಗದ: ಯಾವುದು ಇಡಬೇಕು, ಯಾವುದು ರದ್ದಿಗೆ?

ಬಿಸಿಲೂರ ಸೊಸಿ (ರಾಯಚೂರು)

ನಮಸ್ಕಾರ್ರೀ ಎಲ್ಲಾರಿಗೂ. ದೀಪಾವಳಿಗೆ ಸುಣ್ಣ ಹಚ್ಚಸಬೇಕಂತ ಸಜ್ಜಾದ ಮ್ಯಾಲಿನ ಸಾಮಾನು ಇಳಿಸಿದ್ವಿ. ಮೂರು ಟ್ರಂಕು, ಒಂದು ಗೋಣಿಚೀಲ, ಮಾವನವರ ಮಂಚದ ಕೆಳಗ ಎರಡು ರಟ್ಟಿನ ಡಬ್ಬಿ. ಅಷ್ಟೂ ಕಾಗದ. ಬಟ್ಟಿ-ಪಾತ್ರಿ ಆಗಿದ್ರ ಯಾರಿಗಾರ ಕೊಟ್ಟು ಕೈ ತೊಳ್ಕೊತಿದ್ದೆ. ಕಾಗದ ಓದದ ಒಗಿಯಂಗಿಲ್ಲ, ಓದಲಿಕ್ಕ ಕುಂತ್ರ ಮುಗಿಯಂಗಿಲ್ಲ.

ಮೊದಲನೇ ಟ್ರಂಕಿನಾಗ ಸಿಕ್ಕಿದ್ದು ಹೇಳ್ತೀನಿ ಕೇಳ್ರಿ. ರೇಡಿಯೊಕ್ಕ ಲೈಸೆನ್ಸ್ ಬೇಕಿದ್ದ ಕಾಲದ ಪುಸ್ತಕ. ಹಳೇ ಸ್ಕೂಟರಿನ ಆರ್.ಸಿ., ಸ್ಕೂಟರ್ ಹೋಗಿ ಇಪ್ಪತ್ತು ವರ್ಷ ಆತು. ನನ್ನ ಗಂಡನ ನಾಲ್ಕನೇ ಇಯತ್ತೆ ಉತ್ತರ ಪತ್ರಿಕಿ, ಗಣಿತದಾಗ ನೂರಕ್ಕ ಮೂವತ್ತೊಂದು (ಇದನ್ನ ಮಾತ್ರ ನಾನು ಫ್ರೇಮ್ ಹಾಕಸಾಕಿ). ಕರೆಂಟ್ ಬಿಲ್ಲು ತಂತಿಗೆ ಚುಚ್ಚಿದ್ದು ಮೊಳ ಉದ್ದ. ಊರ ಮಂದಿದೆಲ್ಲ ಲಗ್ನಪತ್ರಿಕಿ.

ಮಾವನವರು ರಿಟೈರ್ಡ್ ಹೆಡ್ ಮಾಸ್ತರು. ಒಂದು ಚೀಟಿ ಎತ್ತಿದ್ರೂ "ಇರ್ಲಿ ತಗಿಯವ್ವ, ಯಾವಾಗ ಏನ್ ಕೇಳ್ತಾರೋ" ಅಂತಾರ. ಪೆನ್ಶನ್ ಮಾಡಸೋ ಟೈಮಿನಾಗ ಒಂದು ಕಚೇರ್ಯಾಗ ಇಪ್ಪತ್ತೆರಡು ವರ್ಷದ ಹಿಂದಿನ ವರ್ಗಾವಣೆ ಆದೇಶ ಕೇಳಿದ್ರಂತ, ಇವರು ಮಧ್ಯಾಹ್ನದೊಳಗ ತಂದು ಟೇಬಲ್ ಮ್ಯಾಲ ಇಟ್ಟರಂತ. ಆ ಕತಿ ನಾನು ನಲವತ್ತು ಸಲ ಕೇಳೀನಿ. ಖರೇ ಹೇಳಬೇಕಂದ್ರ ಆ ಕತಿಗೆ ನನ್ನ ಹತ್ರ ಉತ್ತರ ಇಲ್ಲ.

ಎರಡು ಗಂಟಿನಾಗ ಉರ್ದು ಕಾಗದ ಅದಾವ. ಮನ್ಯಾಗ ಯಾರಿಗೂ ಓದಲಿಕ್ಕ ಬರಂಗಿಲ್ಲ. ಏನ್ ಮಾಡಬೇಕ್ರೀ?

ಸಿಂಧನೂರ್ ಹುಡುಗ (ಸದ್ಯ ಬೆಂಗಳೂರು)

ಅಕ್ಕಾ, ಒಂದೇ ಭಾನುವಾರದ ಕೆಲಸ. ಎಲ್ಲಾ ಫೋಟೊ ಹೊಡೆದು ಡ್ರೈವ್‌ಗೆ ಹಾಕಿ, ಕಾಗದ ರದ್ದಿಗೆ ಕೊಡಿ. ಈಗ ಯಾರು ಒರಿಜಿನಲ್ ಕೇಳ್ತಾರೆ? ಗಾಡಿ ಕಾಗದ, ಡಿ.ಎಲ್. ಎಲ್ಲಾ ಸರ್ಕಾರದ ಆಪ್ ಡಿಜಿಲಾಕರ್‌ನಲ್ಲೇ ತೋರಿಸ್ತೀನಿ.

ಲೆಕ್ಕದ ಮನುಷ್ಯ (ಬಳ್ಳಾರಿ)

ತಮ್ಮಾ, ಅರ್ಧ ಸರಿ, ಅರ್ಧ ಅಪಾಯ. ಡಿಜಿಲಾಕರ್‌ನಲ್ಲಿ ಎರಡು ತರ ಐತೆ. ಸಾರಿಗೆ ಇಲಾಖೆ, ಪರೀಕ್ಷಾ ಮಂಡಳಿಯಂಥವರು ತಾವೇ ನೇರವಾಗಿ ಹಾಕಿದ ದಾಖಲೆಗೆ ಮೂಲ ಪ್ರತಿಯಷ್ಟೇ ಬೆಲೆ. ಅದಕ್ಕೆ 2016ರ ನಿಯಮಗಳಿದಾವೆ. ಆದರೆ ನೀನೇ ಫೋಟೊ ಹೊಡೆದು ಏರಿಸಿದ್ದು ಬರೀ ಫೋಟೊ. ಅದನ್ನ ತೋರಿಸಿ ಯಾವ ಕಚೇರಿಯಲ್ಲೂ ಕೆಲಸ ಆಗಲ್ಲ. ಅಕ್ಕಾವ್ರ ಮಾವನವರ ಟ್ರಂಕಿನ ತೊಂಬತ್ತು ಭಾಗ ಎರಡನೇ ಜಾತಿದು.

ನಾನು ಇಲ್ಲಿ ಜೀನ್ಸ್ ಹೊಲಿಯೋ ಸಣ್ಣ ಘಟಕಗಳ ಲೆಕ್ಕ ಬರೀತೀನಿ. ಬಟ್ಟೆ ಬಿಲ್ಲು, ದಾರ, ಜಿಪ್ಪು, ವಾಷಿಂಗಿನವರ ಚೀಟಿ, ಎಲ್ಲಾ ಮನೆಯ ದಿವಾನದ ಕೆಳಗೇ ಇರ್ತಾವೆ, ಯಾಕಂದ್ರೆ ಘಟಕ ಇರೋದೇ ಮನೆಯಲ್ಲಿ. ವ್ಯಾಪಾರ ಇರೋರಿಗೆ ಕಾನೂನೇ ಅಳತೆ ಹೇಳುತ್ತೆ: ಜಿ.ಎಸ್.ಟಿ. ಕಾಯ್ದೆಯ 36ನೇ ಕಲಮಿನ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸೋ ಕೊನೇ ದಿನದಿಂದ 72 ತಿಂಗಳು ಲೆಕ್ಕಪತ್ರ ಇಡಬೇಕು. ಅಪೀಲು, ತನಿಖೆ ನಡೀತಿದ್ರೆ ಅದು ಮುಗಿದು ಇನ್ನೂ ಒಂದು ವರ್ಷ. ಆಮೇಲೆ ಧೈರ್ಯವಾಗಿ ಒಗೀರಿ. ನನ್ನ ಒಬ್ಬ ಗಿರಾಕಿ ವ್ಯಾಟ್ ಕಾಲದ ಬಿಲ್ಲನ್ನೂ ಇಟ್ಕಂಡಾನೆ. ಕೇಳಿದ್ರೆ "ಸಾರ್, ಅದು ನನ್ನ ಮೊದಲನೇ ಆರ್ಡರ್ದು" ಅಂತಾನೆ. ಅದಕ್ಕೆ ನಾನೇನು ಹೇಳಲಿ.

ಸಂಬಳದವರು, ಪೆನ್ಶನ್‌ದಾರರು ಫಾರ್ಮ್ 16, ರಿಟರ್ನಿನ ಪ್ರತಿ ಏಳು ವರ್ಷ ಇಟ್ಕೊಳ್ಳಿ ಅನ್ನೋದು ನನ್ನ ಮಾತು. ಆದರೆ ಮನೆ ಕಟ್ಟಿದ ಬಿಲ್ಲು, ಸೈಟು ಕೊಂಡ ಕಾಗದಕ್ಕೆ ಈ ಲೆಕ್ಕ ಹಚ್ಚಬೇಡಿ. ನಾಳೆ ಆ ಮನೆ ಮಾರಿದಾಗ ಲಾಭ ಎಷ್ಟು ಅಂತ ತೋರಿಸೋಕೆ ಅವೇ ಬೇಕು, ಇಪ್ಪತ್ತು ವರ್ಷ ಆಗಿದ್ರೂ ಸೈ.

ಗಂಗಾವತಿ ಭತ್ತ

ಅಕ್ಕಾರ, ಹೊಲದ ಕಾಗದಕ್ಕ ಹುಷಾರ್ ಕೈ ಹಚ್ಚರಿ. ಆದ್ರ ಕಂಪ್ಯೂಟರ್ ಪಹಣಿ ಒಗೀಬೌದು. ಈ ಮಾತಿಗೆ ನಮ್ಮಪ್ಪ ನನ್ನ ಹೊಡಿಯಾಕ ಬಂದಿದ್ದ! 2000ದ ಸುಮಾರಿಗೆ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋದ ಮ್ಯಾಲ ಬೇಕಾದಾಗ ಹೊಸಾದು ತಗಸಬೌದು. ಸಾಲಕ್ಕ ಹೋದ್ರೂ ಹೊಸಾದೇ ಕೇಳ್ತಾರ, ಹ್ವಾದ ವರ್ಷದ್ದು ಮೂಸಿನೂ ನೋಡಂಗಿಲ್ಲ. ನಮ್ಮನ್ಯಾಗ ಒಂದೇ ಸರ್ವೆ ನಂಬರಿನ ಪಹಣಿ ಹದಿನೇಳು ಇದ್ವು. ಹದಿನಾರು ಹ್ವಾದ್ವು.

ಕೈಲೆ ಬರದ ಹಳೇ ಪಹಣಿ ಮಾತ್ರ ಮುಟ್ಟಬ್ಯಾಡ್ರಿ. ಕಂಪ್ಯೂಟರಿಗೆ ಏರಿಸುವಾಗ ಎಷ್ಟೋ ಮಂದಿದು ಹೆಸರು ತಪ್ಪೈತಿ, ಗುಂಟೆ ತಪ್ಪೈತಿ. ತಿದ್ದಸಾಕ ಹೋದ್ರ "ಹಳೇದು ತೋರಿಸ್ರಿ" ಅಂತಾರ. ಹಿಸ್ಸೆ, ಪೋಡಿ (ಹೊಲ ಅಳದು ಭಾಗ ಮಾಡಿದ್ದು), ಪೌತಿ ಖಾತೆ (ತೀರಿದವರ ಹೆಸರಿಂದ ವಾರಸ್ದಾರರ ಹೆಸರಿಗೆ ಮಾಡಿದ್ದು), ವಾಟ್ನಿಪತ್ರ (ಪಾಲಿನ ಪತ್ರ) ಎಲ್ಲಾ ಇಡ್ರಿ. ಅಣ್ಣತಮ್ಮರು ಬ್ಯಾರೆ ಆಗುವಾಗ ಬಿಳೇ ಹಾಳ್ಯಾಗ ಬರಕೊಂಡು ಐದು ಮಂದಿ ಸಹಿ ಹಾಕಿದ ಚೀಟಿ ಇರತೈತಲ್ಲ, ಅದಂತೂ ಯಾವ ಕಂಪ್ಯೂಟರಿನ್ಯಾಗೂ ಇಲ್ಲ.

ಬೀಜದ ಬಿಲ್ಲು, ಚೀಲದ ಟ್ಯಾಗು, ಒಂದು ಖಾಲಿ ಪಾಕೀಟು ಇವನ್ನ ಬೆಳಿ ಮನಿಗೆ ಬರೋಮಟ ಇಡ್ರಿ. ಮೊಳಕಿ ಒಡಿಲಿಲ್ಲಂದ್ರ ದೂರು ಕೊಡಾಕ ಲಾಟ್ ನಂಬರ್ ಬೇಕು. ರಾಶಿ ಆಗಿ ಅಡತಿ ಅಂಗಡಿ ಪಟ್ಟಿ ಕೈಗೆ ಬಂದು ರೊಕ್ಕ ಜಮಾ ಆದ ಮ್ಯಾಲ ಒಲಿಗೆ ಹಾಕ್ರಿ. ನಾವು ಉಲ್ಟಾ ಮಾಡ್ತೀವಿ: ಹತ್ತು ವರ್ಷದ ಗೊಬ್ಬರದ ಬಿಲ್ಲು ಇಟ್ಟು, ಈ ವರ್ಷದ ಬೀಜದ ಪಾಕೀಟು ಒಗೀತೀವಿ.

ಹಳೇ ಪುಸ್ತಕದ ವಾಸನೆ (ಕೊಪ್ಪಳ)

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗಂಗಾವತಿಯವರು ಹೇಳಿದ್ದರಲ್ಲೇ ನಿಮಗೆ ಬೇಕಾದ ಸೂತ್ರ ಇದೆ. ಕಾಗದ ಹಳೆಯದೋ ಹೊಸದೋ, ಅದು ಮುಖ್ಯ ಅಲ್ಲ. ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿ: ಇದು ಹೋದರೆ ಮತ್ತೆ ಎಲ್ಲಿ ಸಿಗುತ್ತೆ?

ಕಂಪ್ಯೂಟರ್ ಪಹಣಿ ಮತ್ತೆ ಸಿಗುತ್ತೆ. ಇ-ಆಧಾರ್ ಸಿಗುತ್ತೆ. ಋಣಭಾರ ಪ್ರಮಾಣಪತ್ರ (ಇ.ಸಿ.) ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಸಿಗುತ್ತೆ. ನೋಂದಾಯಿತ ಕ್ರಯಪತ್ರ ಕಳೆದರೂ ಉಪನೋಂದಣಾಧಿಕಾರಿ ಕಚೇರಿಯಿಂದ ದೃಢೀಕೃತ ನಕಲು ಪಡೆಯಬಹುದು. ಓಡಾಟ ಇದೆ, ಸಿಗುತ್ತೆ. ನೋಂದಣಿ ಆಗದ ಉಯಿಲು? ಅದು ಹೋದರೆ ಹೋಯಿತು. ಅಜ್ಜನ ಕೈಬರಹದ ಪತ್ರ, ನಿಮ್ಮ ಮಾವನವರ ಸೇವಾ ಆದೇಶ, ಉರ್ದು ಕಾಗದ, ಇವೂ ಅಷ್ಟೇ. ಮೂರು ಟ್ರಂಕಿನಲ್ಲಿ "ಎಲ್ಲೂ ಸಿಗದ" ಜಾತಿ ಒಂದು ಫೈಲಿನಷ್ಟು ಇದ್ದರೆ ಹೆಚ್ಚು.

ಇಟ್ಟುಕೊಳ್ಳುವುದನ್ನು ಹೇಗೆ ಇಡಬೇಕು ಅನ್ನೋದು ಇನ್ನೊಂದು ವಿಷಯ. ಮೊದಲು ಗುಂಡುಸೂಜಿ, ಸ್ಟೇಪಲ್ ಪಿನ್ನು ತೆಗೀರಿ, ತುಕ್ಕು ಹಿಡಿದು ಕಾಗದ ತಿಂದುಬಿಡುತ್ತೆ. ರಬ್ಬರ್ ಬ್ಯಾಂಡ್ ನಮ್ಮ ಬಿಸಿಲಿಗೆ ಕರಗಿ ಅಂಟಿಕೊಳ್ಳುತ್ತೆ. ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ! ಮೂಲ ಅಂಕಪಟ್ಟಿ, ಕ್ರಯಪತ್ರ ಲ್ಯಾಮಿನೇಶನ್ ಮಾಡಿಸಿದವರು ಆಮೇಲೆ ಅದನ್ನು ಬಿಡಿಸಲಾರರು, ಮೊಹರು ಉಬ್ಬಿದೆಯೋ ಇಲ್ಲವೋ ನೋಡುವವರಿಗೂ ಕಾಣದು. ಟ್ರಂಕನ್ನು ಗೋಡೆಗೆ ಒತ್ತಿ ನೆಲದ ಮೇಲೆ ಇಡಬೇಡಿ. ಕೆಳಗೆ ಎರಡು ಇಟ್ಟಿಗೆ ಕೊಟ್ಟು, ಗೋಡೆಯಿಂದ ನಾಲ್ಕು ಬೆರಳು ಸರಿಸಿ. ಗೆದ್ದಲು ಬರುವುದು ಗೋಡೆ ಹಿಡಿದೇ. ಒಣಗಿದ ಬೇವಿನ ಎಲೆ ಹಾಕಬಹುದು, ಹಸಿ ಎಲೆ ಬೇಡ, ಅದರ ತೇವಕ್ಕೇ ಬೂಷ್ಟು ಬರುತ್ತೆ.

ಝರಾಕ್ಸ್ ಮಾಮ (ಬಳ್ಳಾರಿ)

ಎಲ್ಲರೂ ಇಡೋದರ ಬಗ್ಗೆನೇ ಹೇಳ್ತಿದೀರಿ, ಒಗೆಯೋದರ ಬಗ್ಗೆ ನಾನು ಹೇಳ್ತೀನಿ. ನಾಲ್ಕು ರಸ್ತೆ ಕೂಡೋ ಹತ್ರ ಬಂಡಿ ಮೇಲೆ ಮಿರ್ಚಿ-ಒಗ್ಗರಣೆ ತಿಂತಾ ಇದ್ದೆ. ಎಣ್ಣೆ ಕುಡಿದ ಕಾಗದ ತಿರುವಿ ನೋಡಿದ್ರೆ ಯಾರದೋ ಆಧಾರ್ ಝರಾಕ್ಸು. ಫೋಟೊ, ನಂಬರು, ಅಡ್ರೆಸ್ಸು, ಕೆಳಗೆ ಸಹಿನೂ ಇತ್ತು. ಮಿರ್ಚಿ ಬಾಯಲ್ಲೇ ನಿಂತಿತು.

ಮೊದಲನೇದು, ಆಹಾರವನ್ನ ನ್ಯೂಸ್ ಪೇಪರಿನಂಥ ಕಾಗದದಲ್ಲಿ ಕಟ್ಟಿಕೊಡಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮದಲ್ಲೇ ಐತೆ, ಶಾಯಿ ಹೊಟ್ಟೆಗೆ ಹೋಗುತ್ತೆ ಅಂತ. ಎರಡನೇದು, ಆಧಾರ್, ಪ್ಯಾನ್, ಪಾಸ್‌ಬುಕ್ ಝರಾಕ್ಸ್ ಯಾವುದನ್ನೂ ಇಡಿಯಾಗಿ ರದ್ದಿಗೆ ಹಾಕಬೇಡಿ. ಹರಿದು, ಬಕೆಟ್ ನೀರಲ್ಲಿ ಒಂದು ರಾತ್ರಿ ನೆನೆಸಿ ಹಿಂಡಿ. ನನ್ನ ಅಂಗಡಿಯಲ್ಲಿ ಸರಿಯಾಗಿ ಬರದ ಪ್ರತಿಗಳನ್ನ ಹಂಗೇ ಮಾಡ್ತೀನಿ. ಕೊಡೋವಾಗಲೇ ಝರಾಕ್ಸ್ ಮೇಲೆ ಅಡ್ಡಗೀಟು ಹಾಕಿ, ಯಾವ ಕೆಲಸಕ್ಕೆ ಕೊಟ್ಟಿದ್ದು, ತಾರೀಖು ಯಾವುದು ಬರೀರಿ.

ಇನ್ನೊಂದು ಗುಟ್ಟು. ನಮ್ಮ ಅಂಗಡಿಗೆ ಬರೋರು "ಹತ್ತು ಪ್ರತಿ ತೆಗಿ, ಇರ್ಲಿ" ಅಂತಾರೆ. ಬೇಕಾಗೋದು ಎರಡು. ಉಳಿದ ಎಂಟು ನಿಮ್ಮ ಟ್ರಂಕಿಗೆ ಹೋಗ್ತಾವೆ. ಇದನ್ನ ಹೇಳಿ ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಂಡೆ, ಇರ್ಲಿ ಬಿಡಿ.

ಮಾನ್ವಿ ತಾಯಿ

ಝರಾಕ್ಸ್ ಅಣ್ಣಾರ ಮಾತು ಖರೇ, ನಮ್ಮನ್ಯಾಗ ರೇಷನ್ ಕಾರ್ಡಿನ ಪ್ರತಿ ಇಪ್ಪತ್ತಾರು ಸಿಕ್ಕಾವ.

ಸೊಸಿ ಅವರ, ಸಾಲಿ ಕಾಗದದ ಬಗ್ಗೆ ಒಂದು ಮಾತು. ನಾವು ಕಲ್ಯಾಣ ಕರ್ನಾಟಕದವರು, ನಮಗ ಸಂವಿಧಾನದ 371(ಜೆ) ಕಲಮಿನ ಮೀಸಲಾತಿ ಅದ. ಬೆಂಗಳೂರು, ಮೈಸೂರು ಕಡಿ ಮಂದಿ "ಹಳೇ ಟಿ.ಸಿ. ಎಲ್ಲಾ ಯಾಕ್ ಇಟ್ಕೊಂಡೀರಿ" ಅಂದ್ರ ಅವರಿಗೆ ನಡೀತದ, ನಮಗ ನಡಿಯಂಗಿಲ್ಲ. 2013ರಿಂದ ಸೀಟು, ನೌಕ್ರಿ ಎರಡಕ್ಕೂ ಅರ್ಹತಾ ಪ್ರಮಾಣಪತ್ರ ಬೇಕು, ಅದನ್ನ ಕೊಡವರು ಸಹಾಯಕ ಆಯುಕ್ತರು. ಇಲ್ಲೇ ಹುಟ್ಟೀವಿ ಇಲ್ಲಾ ಇಷ್ಟು ವರ್ಷ ಇಲ್ಲೇ ಇದ್ದೀವಿ ಅಂತ ಕಾಗದಲೇ ತೋರಿಸಬೇಕು. ನಮ್ಮೆಜಮಾನರು ಸೋಲಾಪುರದಾಗ ಮಿಲ್ಲಿನಾಗ ಇದ್ದವರು, ಮಗಳು ಓದಿದ್ದು ಅಲ್ಲೇ. ಸಿ.ಇ.ಟಿ. ಟೈಮಿನಾಗ ಇವರು ಇಲ್ಲಿಯವರು ಅನ್ನೋದಕ್ಕ ಪುರಾವೆ ಎಲ್ಲಿಂದ ತರೋಣು? ನಮ್ಮತ್ತಿ ಕಾಳಿನ ಗುಮ್ಮಿ ಹಿಂದಿನ ಡಬ್ಬಿಯಾಗಿಂದ ಮಗನ ಪ್ರೈಮರಿ ಸಾಲಿ ಟಿ.ಸಿ. ತಗದ್ರು. ಇಲಿ ಒಂದು ಮೂಲಿ ತಿಂದಿತ್ತು, ಹೆಸರು, ಊರು, ತಾರೀಖು ಉಳಿದಿತ್ತು. ಆವತ್ತಿನಿಂದ ಅತ್ತಿಯವರ ಡಬ್ಬಿಗೆ ನಾನು ಏನೂ ಅನ್ನಂಗಿಲ್ಲ.

ಉತ್ತರ ಪತ್ರಿಕಿ ಒಗೀರಿ. ಟಿ.ಸಿ., ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ ಅಜ್ಜಂದಿದ್ರೂ ಇಡ್ರಿ.

ಸಿಂಧನೂರ್ ಹುಡುಗ

ಸರಿ, ನಾನು ಸ್ವಲ್ಪ ಜೋರಾಗಿ ಹೇಳಿದೆ. ಆದ್ರೂ ಒಂದು ಕೇಳ್ತೀನಿ. 2009ರಲ್ಲಿ ಹೊಳೆ ಬಂದಾಗ ನಮ್ಮ ಸೋದರಮಾವನ ಊರಲ್ಲಿ ಮಾಳಿಗೆ ಮನೆಗಳೇ ಕುಸಿದವು. ಟ್ರಂಕಲ್ಲಿ ಜೋಪಾನ ಮಾಡಿದ್ದ ಎಲ್ಲಾ ಕೆಸರಾಯ್ತು. ಪರಿಹಾರ ಕೇಳೋಕೆ ಹೋದ್ರೆ ಮನೆ ಕಾಗದ ತಗೊಂಡು ಬಾ ಅಂದ್ರು, ಮನೆಯೇ ಇಲ್ಲ ಅಂದ್ರೆ ಕಾಗದ ಎಲ್ಲಿಂದ? ಅದಕ್ಕೇ ಫೋಟೊ ಅಂದಿದ್ದು. ಒರಿಜಿನಲ್ ಇಡಿ, ಬೇಡ ಅನ್ನಲ್ಲ. ಪ್ರತಿ ಬೇರೆ ಊರಲ್ಲಿ ಇರಲಿ.

ಲೆಕ್ಕದ ಮನುಷ್ಯ (ಬಳ್ಳಾರಿ)

ಇದು ಒಪ್ಪೋ ಮಾತು. ಫೋಟೊ ಹೊಡೆಯೋವಾಗ ಟ್ಯೂಬ್‌ಲೈಟ್ ಕೆಳಗೆ ಬೇಡ, ಬೆಳಿಗ್ಗೆ ಬಾಗಿಲ ಹತ್ರದ ಬೆಳಕಲ್ಲಿ ಹೊಡಿ, ಕೈ ನೆರಳು ಬೀಳಲ್ಲ. ಹೆಸರು ಇಡೋದ್ರಲ್ಲೇ ಎಲ್ಲರೂ ಸೋಲ್ತಾರೆ. ಸ್ಕ್ಯಾನ್ 1, ಸ್ಕ್ಯಾನ್ 2 ಅಂತ ನಾನೂರು ಇದ್ರೆ ಅದು ಮೊಬೈಲಲ್ಲಿ ಇನ್ನೊಂದು ಟ್ರಂಕು ಅಷ್ಟೇ. ಮೊದಲು ವರ್ಷ, ಆಮೇಲೆ ಯಾರದು, ಆಮೇಲೆ ಏನು: "1994-ಅಪ್ಪ-ವರ್ಗಾವಣೆ ಆದೇಶ". ಹಂಗಿದ್ರೆ ತಾನೇ ಸಾಲಾಗಿ ಕೂರುತ್ತೆ.

ತೀನ್ ಕಂದೀಲ್ (ರಾಯಚೂರು)

ಉರ್ದು ಕಾಗದದ ಬಗ್ಗೆ ಯಾರೂ ಹೇಳಲಿಲ್ಲ. ಅಕ್ಕಾ, ಅವನ್ನ ಒಗೀಬ್ಯಾಡ್ರಿ. ನಮ್ಮ ರಾಯಚೂರು, ಕೊಪ್ಪಳ ಸೀಮೆ 1948ರ ತನಕ ನಿಜಾಮರ ಕೈಯಾಗಿತ್ತು, ಆಮ್ಯಾಲೂ 1956ರ ತನಕ ಹೈದರಾಬಾದ್ ರಾಜ್ಯದಾಗ. ಕಂದಾಯದ ಲೆಕ್ಕ ಉರ್ದುವಿನಾಗ ಇರತಿತ್ತು. ಸೇತ್ವಾರ್, ವಸೂಲ್ ಬಾಕಿ, ಖಾಸ್ರಾ ಪಹಣಿ, ಇವೆಲ್ಲಾ ಆ ಕಾಲದ ಹೊಲ-ಕಂದಾಯದ ದಫ್ತರ. 1954-55ರ ಖಾಸ್ರಾ ಪಹಣಿ ಅಂದ್ರ ಇವತ್ತಿಗೂ ಹೊಲದ ತಕರಾರಿನಾಗ ವಕೀಲರು ಮೊದಲು ಕೇಳೋದು. ವರ್ಷ ಫಸಲಿದು (ನಿಜಾಮರ ಕಂದಾಯದ ಲೆಕ್ಕದ ವರ್ಷ) ಇರತದ, ಅದಕ್ಕ 590 ಕೂಡಿಸಿದ್ರ ಇಂಗ್ಲಿಷ್ ವರ್ಷ ಹತ್ತಿರಕ್ಕ ಬರತದ. ನಮ್ಮ ಚಾಚಾ ಉರ್ದು ಸಾಲಿ ಮಾಸ್ತರಿದ್ರು, ಶಿಕಸ್ತಾ ಅನ್ನೋ ಉರ್ದು ಓಡುಬರಹನೂ ಓದ್ತಾರ. ಬೇಕಂದ್ರ ಬರ್ರಿ.

ಝರಾಕ್ಸ್ ಮಾಮ (ಬಳ್ಳಾರಿ)

ನಮ್ಮ ಕಡೆ ಇದೇ ಕತೆ, ಭಾಷೆ ಬೇರೆ. ಬಳ್ಳಾರಿ 1953ರ ಅಕ್ಟೋಬರ್ ತನಕ ಮದ್ರಾಸಿಗೆ ಸೇರಿತ್ತಲ್ಲ, ಅಜ್ಜನ ಕಾಲದ ಅಡಂಗಲ್ಲು (ಅಲ್ಲಿಯ ಪಹಣಿ), ಪತ್ರಗಳು ತೆಲುಗಲ್ಲಿ, ಇಂಗ್ಲಿಷಲ್ಲಿ ಬರ್ತಾವೆ. ಇಲ್ಲಿ ತೆಲುಗು ಓದೋರಿಗೇನೂ ಕಮ್ಮಿ ಇಲ್ಲ, ಅದಕ್ಕೆ ನಮಗೆ ಅಷ್ಟು ಕಷ್ಟ ಇಲ್ಲ.

ಬಿಸಿಲೂರ ಸೊಸಿ (ರಾಯಚೂರು)

ಎಲ್ಲಾರ ಮಾತು ಮಾವನವರಿಗೆ ಓದಿ ಹೇಳಿದೆ. ಮಾನ್ವಿ ತಾಯಿ ಅವರದು ಕೇಳಿ "ನೋಡಿದ್ಯಾ?" ಅಂತ ಮೀಸಿ ತಿರುವಿದ್ರು. ಆದ್ರ "ಹೋದ್ರ ಮತ್ತ ಎಲ್ಲಿ ಸಿಗತದ" ಅನ್ನೋದು ಅವರಿಗೆ ಹಿಡಿಸ್ತು. ಹೆಡ್ ಮಾಸ್ತರಲ್ಲ, ಪ್ರಶ್ನೆ ಅಂದ್ರ ಮುಗೀತು. ಹಸಿರು ಫೈಲು ತಂದು ಎಲ್ಲೂ ಸಿಗದವನ್ನ ಅದರಾಗ ಹಾಕ್ಲಿಕ್ಕತ್ತೀವಿ. ಸಿಗವು ರದ್ದಿ ಚೀಲಕ್ಕ. ಜಗಳ ಹತ್ತವು ಮಂಚದ ಮ್ಯಾಲ.

ಎರಡನೇ ಟ್ರಂಕಿನಾಗ ನಮ್ಮತ್ತಿಯವರ ಪಾಸ್‌ಬುಕ್ ಸಿಕ್ಕದ. ಅವರು ತೀರಿ ಹನ್ನೆರಡು ವರ್ಷ ಆತು. ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಅಂತ ಅದ ಮ್ಯಾಲ. ಆ ಹೆಸರಿನ ಬ್ಯಾಂಕೇ ಈಗ ಇಲ್ಲಲ್ರೀ? ಸಾವಿರದ ನಾಲ್ಕುನೂರು ಚಿಲ್ಲರೆ ಇತ್ತು.

ಲೆಕ್ಕದ ಮನುಷ್ಯ (ಬಳ್ಳಾರಿ)

ಬ್ಯಾಂಕ್ ಹೋಗಿಲ್ಲ ಅಕ್ಕಾ, ಹೆಸರು ಹೋಗಿದೆ. ತುಂಗಭದ್ರಾ 2005ರಲ್ಲಿ ಪ್ರಗತಿ ಆಯ್ತು, 2013ರಲ್ಲಿ ಪ್ರಗತಿ ಕೃಷ್ಣ, 2019ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್. ಮುಖ್ಯ ಕಚೇರಿ ನಮ್ಮ ಬಳ್ಳಾರಿಯಲ್ಲೇ. ಹತ್ತು ವರ್ಷ ವಹಿವಾಟಿಲ್ಲದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತೆ, ಆದರೆ ವಾರಸುದಾರರ ಹಕ್ಕು ಹೋಗಲ್ಲ. ಪಾಸ್‌ಬುಕ್, ಮರಣ ಪ್ರಮಾಣಪತ್ರ, ನಿಮ್ಮ ಮಾವನವರ ಗುರುತಿನ ದಾಖಲೆ ತಗೊಂಡು ಶಾಖೆಗೆ ಹೋಗಿ. ಬೇರೆ ಬ್ಯಾಂಕುಗಳಲ್ಲಿ ಮರೆತ ಹಣ ಹುಡುಕೋಕೆ ರಿಸರ್ವ್ ಬ್ಯಾಂಕಿನ ಉದ್ಗಮ್ ಅನ್ನೋ ತಾಣ 2023ರಿಂದ ಐತೆ.

ಹಂಗೇ ಇನ್ನೊಂದು. ತೀರಿದ ಸಾಲದ ಕಾಗದ ನೋಡಿದ್ರೆ ಬಾಕಿ ಇಲ್ಲ ಅನ್ನೋ ಪತ್ರ ಒಂದನ್ನೇ ಇಟ್ಟು ಕಂತಿನ ರಸೀದಿ ಎಲ್ಲಾ ಒಗೀರಿ. ಮನೆ ಸಾಲ ಪೂರ್ತಿ ತೀರಿಸಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು, ತಮ್ಮ ಕಡೆಯಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರಿನಿಂದ ನಿಯಮ ಮಾಡಿದೆ. ಎಷ್ಟೋ ಜನ ಸಾಲ ತೀರಿಸಿ ಪತ್ರ ತರೋದನ್ನೇ ಮರೀತಾರೆ.

ಗಂಗಾವತಿ ಭತ್ತ

ಲಗ್ನಪತ್ರಿಕಿ ಏನ್ ಮಾಡಿದ್ರಿ ಅಕ್ಕಾರ? ನಮ್ಮವ್ವ ಅದಕ್ಕ ಗಣಪತಿ ಐತಿ, ಕುಂಕುಮ ಹಚ್ಯಾರ, ಒಗೀಬಾರದು ಅಂತಾಳ. ಹಂಗಂತ ಹೊಳಿಗೆ ಬಿಡಾಕ ನನಗ ಮನಸ್ಸಿಲ್ಲ. ತುಂಗಭದ್ರಾದಾಗ ಈಗಾಗಲೇ ಬೇಕಾದಷ್ಟು ತೇಲತೈತಿ.

ತೀನ್ ಕಂದೀಲ್ (ರಾಯಚೂರು)

ನಮ್ಮಲ್ಲೂ ಇದೇ ಸಂಕಟ. ಶಾದಿ ರುಖಾ ಮ್ಯಾಲ ಬಿಸ್ಮಿಲ್ಲಾ ಇರತದ. ಕಾಲಾಗ ಬೀಳಬಾರದು ಅಂತ ಬ್ಯಾರೆ ಚೀಲದಾಗ ಕೂಡಿಸಿ, ಮಸೀದಿಯೊಳಗ ಅದಕ್ಕಂತನೇ ಇಟ್ಟ ಡಬ್ಬಿಗೆ ಹಾಕತೀವಿ. ಆಮ್ಯಾಲ ಶುದ್ಧ ಜಾಗದಾಗ ಹೂಳ್ತಾರ.

ಹಳೇ ಪುಸ್ತಕದ ವಾಸನೆ (ಕೊಪ್ಪಳ)

ಹೂಳುವುದು ಒಳ್ಳೆಯ ದಾರಿ. ಆದರೆ ಈಗಿನ ಪತ್ರಿಕೆಗಳಿಗೆ ಚಿನ್ನದ ಹಾಳೆ, ಪ್ಲಾಸ್ಟಿಕ್ ಹೊದಿಕೆ, ಹರಳು ಎಲ್ಲಾ ಇರುತ್ತೆ, ಮಣ್ಣಲ್ಲಿ ಕರಗುವುದಿಲ್ಲ. ನಾವು ದೇವರ ಚಿತ್ರವಷ್ಟೇ ಕತ್ತರಿಸಿ, ನೀರಲ್ಲಿ ನೆನೆಸಿ ಬನ್ನಿ ಗಿಡದ ಬುಡಕ್ಕೆ ಹಾಕುತ್ತೇವೆ. ಉಳಿದ ದಪ್ಪ ಕಾಗದ ಮೊಮ್ಮಕ್ಕಳಿಗೆ. ಮುಯ್ಯಿ ಹಾಕುವ ಕವರು ನಾನು ಕೊಂಡು ಎಷ್ಟೋ ವರ್ಷವಾಯಿತು, ಎಲ್ಲಾ ಲಗ್ನಪತ್ರಿಕೆಯದೇ. ಒಮ್ಮೆ ಮಾತ್ರ ಅವರದೇ ಪತ್ರಿಕೆಯ ಕವರಿನಲ್ಲಿ ಅವರಿಗೇ ಮುಯ್ಯಿ ಹಾಕಿದ್ದೆ, ಬೀಗರು ಇನ್ನೂ ನೆನಪಿಟ್ಟುಕೊಂಡಿದ್ದಾರೆ.

ಮಾನ್ವಿ ತಾಯಿ

ರದ್ದಿ ಪೇಪರಿಗೆ ನಮ್ಮವ್ವನ ಕಾಲದ ದಾರಿ ಮರ್ತೇ ಬಿಟ್ರಲ್ಲ. ಕಾಗದ ಹರದು ಮೂರು ದಿನ ನೆನಿ ಇಡಬೇಕು, ದಿನಾ ನೀರು ಬದಲಿಸಬೇಕು. ಮೆಂತೆ ಬ್ಯಾರೆ ನೆನಿ ಹಾಕಿ, ಎರಡೂ ಕೂಡಿಸಿ ಒಳ್ಳಾಗ ಹಿಟ್ಟಿನಂಗ ರುಬ್ಬಬೇಕು. ಕೊಡ ಬೋರಲ ಹಾಕಿ ತೊಯ್ದ ಅರಿವಿ ಹಾಸಿ ಅದರ ಮ್ಯಾಲ ಬೆರಳು ದಪ್ಪ ಮೆತ್ತಿದ್ರ ಪುಟ್ಟಿ. ರಾಯಚೂರು ಬಿಸಲಿಗೆ ಎರಡು ದಿನದಾಗ ಕಟಕಟ ಒಣಗತದ. ಕಿರಕ ಬಿಟ್ಟ ಮರಕ್ಕ, ಬಿದಿರು ಪುಟ್ಟಿಗೆ ಇದನ್ನೇ ಬಳದ್ರ ಸಂದಿಯಾಗಿಂದ ಹಿಟ್ಟು ಸೋರಂಗಿಲ್ಲ. ಸೊಸಿ ಅವರ, ಝರಾಕ್ಸ್ ಅಣ್ಣಾರು ಹೇಳಿದಂಗ ನೆನೆಸಿದ ಆಧಾರ್ ಪ್ರತಿನೂ ಇದಕ್ಕ ಹಾಕ್ರಿ. ಯಾವ ಕಳ್ಳ ಪುಟ್ಟಿಯಾಗಿಂದ ನಂಬರ್ ಓದ್ತಾನ ನೋಡೋಣು.

ಲೆಕ್ಕದ ಮನುಷ್ಯ (ಬಳ್ಳಾರಿ)

ಅಮ್ಮಾ, ಅದಕ್ಕೆ ಎ.ಟಿ.ಎಂ. ಚೀಟಿ, ಪೆಟ್ರೋಲ್ ಬಂಕಿನ ಚೀಟಿ, ನುಣ್ಣಗಿರೋ ಬಿಲ್ಲು ಮಾತ್ರ ಸೇರಿಸಬೇಡಿ. ಅವು ಶಾಯಿಯಲ್ಲಿ ಅಚ್ಚಾಗಿದ್ದಲ್ಲ, ಕಾಗದಕ್ಕೆ ಬಳಿದ ರಾಸಾಯನಿಕ ಬಿಸಿಗೆ ಕಪ್ಪಾಗೋದು. ಬಹಳಷ್ಟರಲ್ಲಿ ಬಿಸ್ಫಿನಾಲ್ ಅನ್ನೋ ಮೈಗೆ ಒಳ್ಳೇದಲ್ಲದ ರಾಸಾಯನಿಕ ಇರುತ್ತೆ, ಹಿಟ್ಟಿನ ಪುಟ್ಟಿಗೆ ಬೇಡ. ಉಗುರಲ್ಲಿ ಜೋರಾಗಿ ಗೀರಿ ನೋಡಿ, ಕಪ್ಪು ಗೆರೆ ಬಂದ್ರೆ ಅದೇ ಜಾತಿ.

ಫ್ರಿಜ್ಜು, ಮೋಟಾರು, ಮಿಕ್ಸಿ ವಾರಂಟಿ ಬಿಲ್ಲುಗಳೂ ಈಗ ಇದೇ ಕಾಗದ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಅಳಿಸಿ ಬಿಳಿ ಹಾಳೆ ಆಗುತ್ತೆ. ಕೊಂಡ ದಿನವೇ ಝರಾಕ್ಸ್ ತೆಗೆಸಿ. ಲ್ಯಾಮಿನೇಶನ್ ಮಾಡಿಸೋಕೆ ಹೋದ್ರೆ ಆ ಮಶೀನಿನ ಬಿಸಿಗೆ ಇಡೀ ಬಿಲ್ಲು ಕಪ್ಪಾಗುತ್ತೆ, ಝರಾಕ್ಸ್ ಮಾಮ ಎಷ್ಟು ಸಲ ನೋಡಿರ್ತಾರೋ.

ಝರಾಕ್ಸ್ ಮಾಮ (ಬಳ್ಳಾರಿ)

ಲೆಕ್ಕವೇ ಇಲ್ಲ. ಬೈಸ್ಕಂಡಿದ್ದಕ್ಕೂ ಲೆಕ್ಕ ಇಲ್ಲ.

ಬಿಸಿಲೂರ ಸೊಸಿ (ರಾಯಚೂರು)

ಕರೆಂಟ್ ಬಿಲ್ಲಿನ ಸರ ಬಿಚ್ಚಿ ನೋಡಿದೆ. ಈಚಿನ ಹತ್ತು ವರ್ಷದ್ದು ಎಲ್ಲಾ ಖಾಲಿ ಹಾಳಿ. ಮಾವನವರು ಖಾಲಿ ಹಾಳಿನ ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿದ್ರು! ಅದನ್ನ ತೋರಿಸಿದ ಮ್ಯಾಲ ಗೋಣಿಚೀಲ ಪೂರ್ತಿ ಬಿಟ್ಟುಕೊಟ್ರು.

ಆಸ್ಪತ್ರಿ ಫೈಲಿನಾಗ ಡಿಸ್ಚಾರ್ಜ್ ಕಾಗದ, ಆಪರೇಶನ್‌ದು, ಮಕ್ಕಳ ತಾಯಿ ಕಾರ್ಡು ಇಟ್ಟೆ. ಶೀತ-ಜ್ವರದ ಚೀಟಿ ಎಲ್ಲಾ ಹ್ವಾದ್ವು. ಎಕ್ಸ್‌ರೇ ಫಿಲ್ಮು ಒಂದಕ್ಕೊಂದು ಅಂಟಿ ಹಪ್ಪಳದ ಕಟ್ಟಿನಂಗ ಆಗ್ಯಾವ.

ನಾಳೆ ಉರ್ದು ಗಂಟು ತಗೊಂಡು ಚಾಚಾ ಅವರ ಹತ್ರ ಹೊಂಟೀವಿ. ಮಾವನವರು ಬಿಳೇ ಧೋತರ ಇಸ್ತ್ರಿ ಮಾಡಿಸ್ಯಾರ. ಅವರಿಗೆ ಒಳಗೊಳಗ ಆಸೆ ಅದ, ಎಲ್ಲೋ ನಾಲ್ಕು ಎಕರೆ ಬರತದೇನೋ ಅಂತ.

ಸಿಂಧನೂರ್ ಹುಡುಗ

ಅಕ್ಕಾ, ಏನಾಯ್ತು? ಮೂರು ದಿನ ಆಯ್ತು. ನಾಲ್ಕು ಎಕರೆ ಬಂದ್ರೆ ನಮಗೂ ಹೇಳಿ.

ಬಿಸಿಲೂರ ಸೊಸಿ (ರಾಯಚೂರು)

ಬಂದಿಲ್ಲಪ್ಪಾ. ಹೇಳ್ತೀನಿ.

ಚಾಚಾ ಕನ್ನಡಕ ಎರಡು ಹಾಕ್ಕೊಂಡು ಓದಿದ್ರು. ಒಟ್ಟು ಏಳು ಕಾಗದ. ನಾಲ್ಕರಾಗ ಗೆದ್ದಲು ತಿಂದು ಅಕ್ಷರ ಉಳಿದಿಲ್ಲ. ಒಂದು, ಮಾವನವರ ಅಪ್ಪ ಸಾಲಿ ಬಿಡಿಸ್ಕೊಂಡಿದ್ದರ ದಾಖಲೆ. ಇನ್ನೊಂದು ಫಸಲಿ 1356ನೇ ವರ್ಷದ ಕಂದಾಯದ ರಸೀದಿ, ಅಂದ್ರ 1946-47. ಹದಿನಾಲ್ಕು ರೂಪಾಯಿ ಹಾಲಿ ಸಿಕ್ಕಾ ಕಟ್ಟ್ಯಾರ. ಹಾಲಿ ಸಿಕ್ಕಾ ಅಂದ್ರ ನಿಜಾಮರದೇ ಬ್ಯಾರೆ ರೂಪಾಯಿ ಅಂತ. ಸರ್ವೆ ನಂಬರ್ ಓದಿದ ಕೂಡಲೇ ಮಾವನವರು ಸುಮ್ಮನಾದ್ರು. ಅದು ಹಳ್ಳದ ದಂಡಿ ಹೊಲ ಅಂತ, ಅವರಕ್ಕನ ಮದುವಿಗೆ 1972ರಾಗ ಮಾರಿದ್ದು.

ಏಳನೇದು ಕುಂಕುಮ, ಅರಿಷಿಣ ಹತ್ತಿ ಕೆಂಪಾಗಿತ್ತು. ಅದೇ ಮೂಲ ಪತ್ರ ಅಂತ ನಮ್ಮತ್ತಿ ಪ್ರತಿ ದೀಪಾವಳಿ ಲಕ್ಷ್ಮೀ ಪೂಜಿಗೆ ಅದನ್ನ ತಿಜೋರಿಯಾಗಿಂದ ತಗದು ದೇವರ ಮುಂದ ಇಡತಿದ್ರು. ಚಾಚಾ ಓದಿದ್ರು, ಮತ್ತೊಮ್ಮೆ ಓದಿದ್ರು, ನಕ್ಕರು. ಹಕೀಮರು ಬರಕೊಟ್ಟ ಔಷಧದ ಚೀಟಿ ಅಂತ್ರೀ ಅದು. ಹೊಟ್ಟಿ ಉಬ್ಬರಕ್ಕ. ಸೋಂಪು, ಶುಂಠಿ, ಕರಿಲವಣ, ಊಟ ಆದ ಮ್ಯಾಲ ಎರಡು ಸಲ.

ಮನಿಗೆ ಬರುವಾಗ ಆಟೊದಾಗ ನಾನು ಮೆಲ್ಲಕ ಅಂದೆ, "ಮಾವಾರ, ಹೊಲ ಮಾರಿ ಐವತ್ತು ವರ್ಷ ಆತು. ಚೀಟಿ ಅಂತೂ ಹೊಟ್ಟಿ ನೋವಿಂದು." ಅವರು ಹೊರಗ ನೋಡ್ಕೋತ ಅಂದ್ರು, "ಖರೇ ಅವ್ವ. ಹೋದ್ರ ಮತ್ತ ಎಲ್ಲಿ ಸಿಗತದ ಹೇಳು?"

ಎರಡೂ ಹಸಿರು ಫೈಲಿನಾಗ ಹ್ವಾದ್ವು.

ಈಗ ಒಂದು ಟ್ರಂಕು ಉಳದದ, ಎರಡು ಖಾಲಿ. ರದ್ದಿ ಚೀಲ ನಾಲ್ಕು ತುಂಬಿ ಪಡಸಾಲ್ಯಾಗ ಇಟ್ಟೀವಿ, ರದ್ದಿಯವನು ಐತವಾರ ಬರ್ತಾನ. ಅಲ್ಲಿತನಕ ಕಾಯಬೇಕು. ಇವತ್ತು ಮುಂಜಾನೆ ನೋಡಿದ್ರ ರೇಡಿಯೊ ಲೈಸೆನ್ಸ್ ಪುಸ್ತಕ ಚೀಲದಾಗ ಇಲ್ಲ.